ಗೋಡೆಯ ಮೇಲಿನ ಅಕ್ಕ

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ಕಾಗದ ನೋಡಿ ಹುಬ್ಬೇರಿಸಬೇಡ. ಟೈಲರ್ ಅಂಗಡಿಗಳ ಆ್ಯಪ್ ಬಗ್ಗೆ ನೀನು ‘ಮಾನ್ಯರೇ’ ಎಂದು ಬರೆದ ದೂರು ಬಂದು ಸೇರಿದ್ದು ನನ್ನ ಮೇಜಿಗೆ. ಆ ಆ್ಯಪ್ ನೋಡಿಕೊಳ್ಳುವವಳು ನಾನೇ ಎಂದು ನಿನಗೆ ಹೇಗೆ ಗೊತ್ತಾಗಬೇಕು? ನಾಲ್ಕು ವರ್ಷದಿಂದ ನಮ್ಮಿಬ್ಬರಿಗೆ ಮಾತೇ ಇಲ್ಲ.

ನಾನು ಪ್ರಾಡಕ್ಟ್ ಮ್ಯಾನೇಜರ್ ಆದಾಗ, ಕೈಕೆಳಗೆ ಎಷ್ಟು ಜನ ಎಂದು ನೀನು ಕೇಳಿದ್ದೆ. ನಾನು ಮಾತು ಹಾರಿಸಿದ್ದೆ. ಯಾರೂ ಇಲ್ಲ ಅಕ್ಕ. ಕೋಡ್ ಬರೆಯುವವರಿಗೆ ಅವರದೇ ಬಾಸ್, ಡಿಸೈನ್ ಮಾಡುವವರಿಗೆ ಅವರದೇ. ಏನು ಮಾಡಬೇಕು, ಏನು ಬಿಡಬೇಕು ಎಂದು ಹೇಳುವುದಷ್ಟೇ ನನ್ನ ಕೆಲಸ. ಆಮೇಲೆ ಎಲ್ಲರ ಕೈಕಾಲು ಹಿಡಿದು ಒಪ್ಪಿಸಬೇಕು. ಗೆದ್ದರೆ ಎಲ್ಲರದು, ಮುಗ್ಗರಿಸಿದರೆ ನನ್ನದು. ದೂರು ಕೇಳುವ ಫೋನಿನ ಮುಂದೆ ಕೂತು ಶುರುಮಾಡಿದವಳು ಕಳೆದ ತಿಂಗಳು ಹಿರಿಯ ಮ್ಯಾನೇಜರ್ ಆದೆ. ಗಾಜಿನ ಕೋಣೆ ಕೊಟ್ಟಿದ್ದಾರೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಜೊತೆಗೆ ಯಾರೂ ಇರುವುದಿಲ್ಲ.

ಯಾರಿಗಾಗಿ ದುಡಿಯುತ್ತಿದ್ದೇವೆ ಎಂಬುದು ಮರೆಯದಿರಲೆಂದು, ಆ್ಯಪ್ ಬಳಸುವವರೊಬ್ಬರನ್ನು ಕಲ್ಪಿಸಿಕೊಂಡು ಅವರ ವಿವರ ಬರೆದು ಗೋಡೆಗೆ ಅಂಟಿಸುವುದು ನಮ್ಮಲ್ಲಿ ರೂಢಿ. ನಾನು ಕಲ್ಪಿಸಲು ಹೋಗಲಿಲ್ಲ, ನಿನ್ನನ್ನೇ ಬರೆದೆ. ‘ಟೈಲರ್ ಅಕ್ಕ. ಒಬ್ಬಳೇ ಹೊಲಿಯುತ್ತಾಳೆ. ಟೈಪ್ ಮಾಡುವುದೆಂದರೆ ಆಗದು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಅಂಗಡಿಯೆಲ್ಲ ಹುಡುಕುತ್ತಾಳೆ. ಆಲ್ಟರೇಷನ್ ಕೆಲಸ ಮುಟ್ಟುವುದಿಲ್ಲ.’ ಆಫೀಸಿನವರು ಮಾತುಮಾತಿಗೂ ಅಕ್ಕ ಇದಕ್ಕೆ ಒಪ್ತಾಳಾ ಅನ್ನುತ್ತಾರೆ. ನಿನ್ನ ಪರವಾಗಿ ಉತ್ತರ ಹೇಳಿ ಹೇಳಿ, ನಿನ್ನ ಜೊತೆಯಲ್ಲೇ ಇದ್ದೇನೆ ಅಂದುಕೊಂಡುಬಿಟ್ಟಿದ್ದೆ.

ಈಗ ನಿನ್ನ ದೂರು ಓದಿದೆ. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ, ಎರಡು ವರ್ಷದಿಂದ ನಿನ್ನ ಅಂಗಡಿ ನಡೆಯುತ್ತಿರುವುದೇ ಆಲ್ಟರೇಷನ್‌ನಿಂದ. ಆ್ಯಪ್‌ನಲ್ಲಿ ಅದರ ಅಳತೆ ಇಡುವ ಪುಟವನ್ನು ನಮ್ಮವರು ತೆಗೆದದ್ದರಿಂದ ಇನ್ನೂರು ಗಿರಾಕಿಗಳ ಅಳತೆ ಹೋಯಿತು. ಹೆಬ್ಬೆರಳು ಮಡಚಲಾಗದ್ದರಿಂದ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟಿಲ್ಲ ಎಂದೂ ಹೇಳಿದ್ದೀಯ. ಯಾವಾಗಿಂದ ಅಕ್ಕ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮ ನನ್ನನ್ನು ಬೈಯುತ್ತಿದ್ದುದು ಸುಳ್ಳಲ್ಲ.

ಮುಂದಿನ ವಾರ ಬರ್ತೀನಿ, ಮುಂದಿನ ವಾರ ಬರ್ತೀನಿ ಎಂದು ನಾನು ಸತಾಯಿಸಿದ್ದಕ್ಕೆ, ಬಿಡುವಾದಾಗ ಬಾ, ನಾನಿನ್ನು ಕರೆಯಲ್ಲ ಎಂದು ನೀನು ಹೇಳಿದ್ದೆ. ಹೇಳಿದಂತೆಯೇ ನಡೆದುಕೊಂಡೆ. ನಾನೂ ಹಟಕ್ಕೆ ಬಿದ್ದೆ. ಇಲ್ಲಿ ನನಗೆ ತುಂಬಾ ಒಂಟಿಯೆನಿಸುತ್ತದೆ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ವಿಷಾದಿಸುತ್ತೇವೆ ಎಂದು ಕಂಪನಿಯ ಉತ್ತರ ಬೇರೆ ಬರುತ್ತದೆ. ಅದನ್ನು ಬರೆದವಳೂ ನಾನೇ. ಓದಬೇಡ.

ಇಂತಿ,
ಸದಾ ನಿನ್ನ ಹಿಂದೆಯೇ ಸುತ್ತುತ್ತಿದ್ದ
ಬಾಲ

ತಾ.ಕ.: ‘ನಮ್ಮವರು ತೆಗೆದದ್ದರಿಂದ’ ಎಂದು ಮೇಲೆ ಬರೆದೆ. ನಮ್ಮವರಲ್ಲ, ನಾನು. ತೆಗೆಯುವ ಮೊದಲು ಯಾರಾದರೂ ಒಬ್ಬ ಟೈಲರನ್ನು ಕೇಳೋಣ ಎಂದು ಎಂಜಿನಿಯರ್ ಮೂರು ಸಲ ಹೇಳಿದ. ಅಕ್ಕನ ವಿಷಯ ನನಗೆ ಗೊತ್ತು, ಯಾರನ್ನೂ ಕೇಳಬೇಕಾಗಿಲ್ಲ ಎಂದು ಅವನ ಬಾಯಿ ಮುಚ್ಚಿಸಿದೆ. ಹೋದ ಅಳತೆಗಳು ಮರಳಿ ಸಿಗುವುದಿಲ್ಲ. ಭಾನುವಾರ ಬರುತ್ತೇನೆ. ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆಸೋಣ. ನೀನು ಟೇಪು ಹಿಡಿ, ನಾನು ಬರೆದುಕೊಳ್ಳುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅಳತೆ ಮಾತ್ರ ಜೋರಾಗಿ ಹೇಳು.