ತಂತಿ ಬಿಗಿದ ವಾಲ್ವು, ಅರಗು ಒತ್ತಿದ ಲಕೋಟೆ

ಬಾಯ್ಲರ್ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕಚೇರಿಯ ಮೂಲಕ ಬರೆಯದೆ ಪತ್ರಿಕೆಯಲ್ಲಿ ಏಕೆ ಬರೆದೆ ಎಂದು ತಾವು ಕೇಳಬಹುದು. ಕಚೇರಿಗೆ ಬರೆದದ್ದು ತಮ್ಮನ್ನು ಮುಟ್ಟುವುದಿಲ್ಲ ಎಂಬುದೇ ನನ್ನ ದೂರು. ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಯಲ್ಲಿ ಬಾಯ್ಲರಿನ ಸೇಫ್ಟಿ ವಾಲ್ವಿನ ಬಾಯಿ ಕಟ್ಟಿದ್ದಾರೆ. ಅದನ್ನು ತಿಳಿಸಿದ ಪತ್ರಗಳನ್ನು ತಮ್ಮ ಕಚೇರಿ ಎಂಟು ತಿಂಗಳು ಬಾಗಿಲಲ್ಲೇ ನಿಲ್ಲಿಸಿತು. ಅವನ್ನು ಒಳಗೆ ಕರೆತಂದ ನನ್ನನ್ನು ಹೊರಗೆ ಹಾಕಿತು. ಬಾಯ್ಲರು ಮಾತ್ರ ಇವತ್ತೂ ಉರಿಯುತ್ತಿದೆ.

ನಾನು ಟಪಾಲು ವಿಭಾಗದ ಗುಮಾಸ್ತೆ. ಇಪ್ಪತ್ತಾರು ವರ್ಷ ಲಕೋಟೆ ಕತ್ತರಿಸಿ, ಮೊಹರು ಒತ್ತಿ, ನಂಬರು ಹಾಕಿದವಳು. ಕಾಗದ ಹೋಗಿ ಇಮೇಲ್ ಬಂದಾಗ ಸೂಪರಿಂಟೆಂಡೆಂಟರು "ಟಪಾಲು ಅಂದ್ರೆ ಟಪಾಲೇ ಅಲ್ವೇನಮ್ಮ, ನೀವೇ ನೋಡ್ಕೊಳ್ಳಿ" ಎಂದು ಮೇಲ್ ಸರ್ವರನ್ನೂ ನನ್ನ ತಲೆಗೆ ಕಟ್ಟಿದರು. ಹಳೆಯ ಕಡತಗಳ ಕೋಣೆಯಲ್ಲಿ ಕಾಲು ಕುಂಟುವ ಮೇಜಿನ ಕೆಳಗೆ ಆ ಯಂತ್ರ ಗುಂಯ್ಗುಡುತ್ತಿತ್ತು. ಅದನ್ನು ಜೋಡಿಸಿದ ಎಂಜಿನಿಯರು ಬೇರೆ ಕೆಲಸ ಸಿಕ್ಕಿ ಹೊರಟಾಗ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು, ಅರಗು ಒತ್ತಿಸಿ, ಮುಖ್ಯಾಧಿಕಾರಿಗಳಾದ ತಮ್ಮ ಬೀರುವಿಗೆ ಸೇರಿಸಿ ಹೋದರು. ನನಗೆ ಉಳಿದದ್ದು ಎಲ್ಲರಿಗೂ ಇರುವಂಥ ಸಾಮಾನ್ಯ ಖಾತೆ. ಅದರಲ್ಲಿ ಯಾವ ಮೇಲ್ ಸಾಲಿನಲ್ಲಿ ನಿಂತಿದೆಯೆಂದು ನೋಡಬಹುದು, ಒಳಗೆ ಕರೆಯಲಾಗದು. ಸರ್ವರು ನಿಂತರೆ ಎಬ್ಬಿಸಲಾಗದು, ತುಂಬಿದರೆ ಖಾಲಿ ಮಾಡಲಾಗದು. ಅಡುಗೆ ನನ್ನದು, ಉಗ್ರಾಣದ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಊಟ ತಡವಾದರೆ ಬೈಗುಳ ಯಾರಿಗೆಂದು ಬೇರೆ ಹೇಳಬೇಕೇ?

ಎಂಟು ತಿಂಗಳ ಹಿಂದೆ ಸರ್ವರಿನಲ್ಲಿ ಮೇಲ್ ಪೆಟ್ಟಿಗೆಗಳಿರುವ ಡಿಸ್ಕು ತುಂಬಿತು. ಬಂದ ಮೇಲ್‌ಗಳೆಲ್ಲ ಸಾಲುಗಟ್ಟಿ ನಿಂತವು. ಬೆಳಿಗ್ಗೆ ಬಂದ ಕೂಡಲೇ ಆ ಪಟ್ಟಿ ನೋಡುವುದು ನನಗೆ ಅಭ್ಯಾಸವಾಯಿತು. ಕಳಿಸಿದವರ ವಿಳಾಸ, ವಿಷಯ, ದಿನಾಂಕ ಕಾಣುತ್ತಿತ್ತು. ಒಳಗಿನ ಮಾತು ಓದುವ ಅಧಿಕಾರ ನನಗಿರಲಿಲ್ಲ. ಒಂದೇ ವಿಳಾಸದಿಂದ ವಾರಕ್ಕೊಂದು ಮೇಲ್ ಬರುತ್ತಿತ್ತು. ಮೊದಲ ವಾರ ವಿಷಯ, "ಸೇಫ್ಟಿ ವಾಲ್ವಿಗೆ ತಂತಿ ಕಟ್ಟಿದ್ದಾರೆ." ಮುಂದಿನ ವಾರ, "ತಂತಿ ಇನ್ನೂ ಬಿಚ್ಚಿಲ್ಲ." ಆಮೇಲೆ, "ಯಾರಾದರೂ ಓದುತ್ತಿದ್ದೀರಾ?" ಓದುವವಳು ಒಬ್ಬಳಿದ್ದಳು ಮಾನ್ಯರೇ, ಅದೂ ಬರೀ ಶೀರ್ಷಿಕೆಯನ್ನು.

ಲಕೋಟೆ ಒಡೆಯಲು ಅನುಮತಿ ಕೇಳಿ ಮೂರು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ತಾವು "ಪರಿಶೀಲಿಸಿ ಮಂಡಿಸಿ" ಎಂದು ಬರೆದಿರಿ. ಎರಡನೆಯದು ಮೊದಲನೆಯದರ ಜೊತೆ ಪರಿಶೀಲನೆಗೆ ಹೋಯಿತು. ಮೂರನೆಯದನ್ನು ಸೂಪರಿಂಟೆಂಡೆಂಟರು ತೆಗೆದುಕೊಳ್ಳಲೇ ಇಲ್ಲ. ಲಕೋಟೆ ಒಡೆಯಲು ಸಮಿತಿ ಆಗಬೇಕು, ಸಮಿತಿಗೆ ಆದೇಶ ಆಗಬೇಕು ಎಂದರು. ಆದೇಶ ಯಾರಿಂದ ಎಂದು ಕೇಳಿದ್ದಕ್ಕೆ ಕಣ್ಣಲ್ಲೇ ತಾವು ಕೂರುವ ಕೋಣೆ ತೋರಿಸಿದರು ಮಾನ್ಯರೇ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತ ಕೂತಿದ್ದರು.

ನನ್ನ ತಂಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಒಂದು ಭಾನುವಾರ ಬಟ್ಟೆ ಮಡಿಸುತ್ತ ಅವಳ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವಳು ಹೇಳಿದ್ದು ಇಷ್ಟು: ಯಂತ್ರಕ್ಕೆ ಸಾವಿರಾರು ಬಾಗಿಲುಗಳಿವೆ, ಒಂದೊಂದಕ್ಕೂ ಒಂದು ಸಂಖ್ಯೆ. ಸಣ್ಣ ಸಂಖ್ಯೆಯವು ಅಡ್ಮಿನ್‌ಗೆ ಮೀಸಲು, ಟಪಾಲಿನ ಹೆಬ್ಬಾಗಿಲೂ ಅದರಲ್ಲೇ ಸೇರಿದೆ. ದೊಡ್ಡ ಸಂಖ್ಯೆಯವನ್ನು ಯಾರು ಬೇಕಾದರೂ ತೆರೆಯಬಹುದು. "ಅಕ್ಕ, ನಿನ್ನ ಖಾತೆಯೊಳಗೇ ಒಂದು ಪುಟ್ಟ ಮೇಲ್ ಸರ್ವರ್ ನಡೆಸ್ಬಹುದು. ಯಾರ ಬೀಗಾನೂ ಮುರಿಯೋದು ಬೇಡ" ಎಂದಳು. ಹೊರಗಿನ ಮೇಲ್ ಹೆಬ್ಬಾಗಿಲನ್ನೇ ಬಡಿಯುತ್ತದೆ, ಹಿತ್ತಿಲ ಬಾಗಿಲು ಅದಕ್ಕೆ ಗೊತ್ತಿಲ್ಲ, ನಿಜ. ಆದರೆ ಕಚೇರಿಯ ವೆಬ್‌ಸೈಟಿನಲ್ಲಿ ದೂರು ಬರೆಯುವ ಪುಟ ನನ್ನ ಸುಪರ್ದಿಯಲ್ಲೇ ಇತ್ತು. ಅಲ್ಲಿ ಬರೆದದ್ದು ನನ್ನ ಪುಟ್ಟ ಸರ್ವರಿಗೆ ಬರುವಂತೆ ಮಾಡಿ, ಇನ್ನು ಮುಂದೆ ದೂರುಗಳನ್ನು ಈ ಪುಟದಲ್ಲೇ ಬರೆಯಿರಿ ಎಂದು ಸೂಚನೆ ಹಾಕಿದೆ. ಮಾರನೆಯ ದಿನವೇ ಮೊದಲ ದೂರು ಬಂತು. ಮೂರು ವಾರದಲ್ಲಿ ನಲವತ್ತೊಂದು.

ಅದರಲ್ಲಿ ತಂತಿಯ ದೂರು ಕೊಟ್ಟವರ ಪತ್ರವೂ ಇತ್ತು. ಕೊನೆಗೂ ಪೂರ್ತಿ ಓದಿದೆ. ಅವರು ಆ ಗಿರಣಿಯ ಬಾಯ್ಲರ್ ನಡೆಸುವವರು, ಹತ್ತೊಂಬತ್ತು ವರ್ಷದ ಅನುಭವ. ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಹಬೆಯನ್ನು ಹೊರಗೆ ಬಿಡುವುದು ಆ ವಾಲ್ವಿನ ಕೆಲಸ. ಅದು ಮತ್ತೆ ಮತ್ತೆ ತೆರೆದು ಕೆಲಸ ನಿಲ್ಲುತ್ತದೆಂದು ಗಿರಣಿಯ ಮೇಲ್ವಿಚಾರಕರು ತಂತಿ ಬಿಗಿಸಿದ್ದರು. ಮಾಪಕದ ಮುಳ್ಳು ದಿನಕ್ಕೆರಡು ಸಲವಾದರೂ ಕೆಂಪು ಗೆರೆ ದಾಟುತ್ತದೆ ಎಂದು ದಿನಾಂಕ, ಗಂಟೆ ಸಮೇತ ಬರೆದಿದ್ದರು. ನಾನು ನಲವತ್ತೊಂದನ್ನೂ ಮುದ್ರಿಸಿ, ನಂಬರು ಹಾಕಿ, ಅವರದನ್ನು ಎಲ್ಲಕ್ಕಿಂತ ಮೇಲಿಟ್ಟು ತಮ್ಮ ಮೇಜಿಗೆ ಕಳಿಸಿದೆ.

ತಾವು ನನ್ನನ್ನು ಕರೆಸಿದಿರಿ. ನನಗೆ ಎಷ್ಟು ಸಂತೋಷವಾಗಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ತಾವು ಕೇಳಿದ್ದು ಒಂದೇ ಪ್ರಶ್ನೆ: "ಸರ್ವರ್ ಕೆಟ್ಟಿರುವಾಗ ಇವು ಹೇಗೆ ಬಂದ್ವು?"

ಆ ಮಧ್ಯಾಹ್ನವೇ ಕಂಪ್ಯೂಟರ್ ಭದ್ರತೆಯವರು ಇಬ್ಬರು ಬಂದರು. ಎಂಟು ತಿಂಗಳು ಸಮಿತಿಗಾಗಿ ಕಾದಿದ್ದ ಲಕೋಟೆ ಹತ್ತು ನಿಮಿಷದಲ್ಲಿ ಒಡೆಯಿತು. ಕಡತಗಳ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಅವರು ಅಡ್ಮಿನ್ ಆಗಿ ಒಳಹೊಕ್ಕು ನನ್ನ ಪುಟ್ಟ ಸರ್ವರನ್ನು ಕೊಂದರು. ಹೇಗೂ ಒಳಗೆ ಹೋಗಿದ್ದೀರಿ, ಡಿಸ್ಕು ಖಾಲಿ ಮಾಡಿ, ಸಾಲಿನಲ್ಲಿರುವ ಮೇಲ್‌ಗಳನ್ನೂ ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಒಬ್ಬರು ಮರುಕದಿಂದಲೇ "ನಮಗೆ ಹೇಳಿರೋದು ಇದೊಂದೇ ಕೆಲಸ ಅಮ್ಮ" ಎಂದರು. ಪಾಸ್‌ವರ್ಡಿನ ಚೀಟಿ ಹೊಸ ಲಕೋಟೆಗೆ ಹೋಯಿತು. ಅದಕ್ಕೆ ಅರಗು ಕರಗಿಸಿ ಕೊಡುವ ಕೆಲಸ, ಟಪಾಲು ವಿಭಾಗದವಳಾದ್ದರಿಂದ, ನನಗೇ ಬಂತು. ಕರಗಿಸಿಕೊಟ್ಟೆ. ಸಂಜೆ ಆದೇಶ ಸಿಕ್ಕಿತು: ಅಧಿಕಾರವಿಲ್ಲದೆ ಟಪಾಲು ಸ್ವೀಕರಿಸಿದ ಆರೋಪದ ಮೇಲೆ ಅಮಾನತು.

ಮನೆಯಲ್ಲಿ ಕೂರಲಾಗಲಿಲ್ಲ. ಪೊಲೀಸ್ ಠಾಣೆಗೆ ಹೋದೆ. ಬಾಯ್ಲರು ತಪಾಸಣಾ ಕಚೇರಿಗೆ ಸೇರಿದ ವಿಷಯ, ಅವರಿಗೊಂದು ಮೇಲ್ ಮಾಡಿ ಎಂದರು. ಅಲ್ಲಿಂದ ನೇರ ಗಿರಣಿಗೆ ನಡೆದೆ. ಬಾಯ್ಲರ್ ಮನೆಯ ಹೊರಗೆ ನಿಂತಾಗ ನೆಲ ಚಪ್ಪಲಿಯಡಿ ಸಣ್ಣಗೆ ನಡುಗುತ್ತಿತ್ತು. ದೂರು ಬರೆದಿದ್ದ ಆ ಬಾಯ್ಲರ್ ನಡೆಸುವವರು ಬೆವರೊರೆಸಿಕೊಳ್ಳುತ್ತ ಹೊರಬಂದು, ನಾನು ಯಾವ ಕಚೇರಿಯವಳೆಂದು ತಿಳಿದು ನನ್ನ ಬೆನ್ನ ಹಿಂದೆ ನೋಡಿದರು, ಜೀಪು ಬಂದಿದೆಯೇನೋ ಎಂಬಂತೆ.

"ನೀವೊಬ್ರೇ ಬಂದ್ರಾ ಮೇಡಂ?"

ಕೆಲಸ ಬಿಟ್ಟು ಹೋಗಬಾರದೇ ಎಂದು ಕೇಳಿದೆ. ಗೋಡೆಯಾಚೆ ಬಟ್ಟೆ ಮಡಿಸುವ ವಿಭಾಗ, ಅಲ್ಲಿ ಪಾಳಿಗೆ ನೂರ ಇಪ್ಪತ್ತು ಹೆಂಗಸರು, ಅವರಲ್ಲಿ ಇವರ ಹೆಂಡತಿಯೂ ಒಬ್ಬರು. "ನಾನಿದ್ರೆ ಮುಳ್ಳು ನೋಡ್ಕೊಂಡು ಬೆಂಕಿನಾದ್ರೂ ತಗ್ಗಿಸ್ತೀನಿ. ನಾನು ಹೋದ್ರೆ ಗೊತ್ತಿಲ್ದೇ ಇರೋನು ಬರ್ತಾನೆ" ಎಂದರು. ನನ್ನ ಫೋನ್ ನಂಬರು ಬರೆದುಕೊಟ್ಟು ಬಂದೆ.

ಕಳೆದ ಗುರುವಾರ ಅವರ ಫೋನು ಬಂತು. ದೂರು ಹೋದ ಸುದ್ದಿ ಹೇಗೋ ಗಿರಣಿಗೆ ಮುಟ್ಟಿ, ಅವರನ್ನು ಗೇಟಿನ ಕಾವಲಿಗೆ ಹಾಕಿದ್ದರು. ಬಾಯ್ಲರ್ ಈಗ ಹೊಸಬರ ಕೈಯಲ್ಲಿತ್ತು. ತಂತಿಯ ವಿಷಯ ಕೇಳಿದೆ.

"ತಂತಿ ತೆಗೆದ್ರು ಮೇಡಂ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನ ಮಾತು ಬಂತು. "ಯಾರಿಗೂ ಕಾಣ್ಬಾರ್ದು ಅಂತ ವಾಲ್ವಿನ ಬಾಯಿಗೇ ವೆಲ್ಡಿಂಗ್ ಮಾಡ್ಸಿದಾರೆ."

ಇದನ್ನು ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಬರೆಯಿರಿ ಎಂದರು.

ಈಗ ನನ್ನ ಬೇಡಿಕೆ. ನನ್ನ ಅಮಾನತು ಇದ್ದ ಹಾಗೇ ಇರಲಿ. ವಿಚಾರಣೆ ವರ್ಷಗಟ್ಟಲೆ ನಡೆಯಲಿ, ಕಡತ ಎಷ್ಟು ಬೇಕಾದರೂ ದಪ್ಪವಾಗಲಿ. ಆದರೆ ತಾವು ಇವತ್ತೇ ಆ ಗಿರಣಿಗೆ ಹೋಗಬೇಕು. ಬೆಂಕಿ ಆರಿಸಿ, ಗೋಡೆಯಾಚೆಯವರನ್ನು ಹೊರಗೆ ಕಳಿಸಬೇಕು. ಬಾಯ್ಲರ್ ಪೂರ್ತಿ ಆರಿದ ಮೇಲೆ ಆ ವಾಲ್ವನ್ನು ತಾವೇ ಕೈಯಿಂದ ಮುಟ್ಟಿ ನೋಡಬೇಕು. ಆ ಬಾಯ್ಲರನ್ನು ನಿಲ್ಲಿಸುವ ಅಧಿಕಾರ ಈ ಊರಿನಲ್ಲಿ ಇರುವುದು ತಮ್ಮೊಬ್ಬರಿಗೆ. ಎರಡನೆಯ ಪಾಳಿ ಮಧ್ಯಾಹ್ನ ಎರಡಕ್ಕೆ ಶುರುವಾಗುತ್ತದೆ. ಈ ಪತ್ರ ಬೆಳಿಗ್ಗೆಯೇ ತಮ್ಮ ಕೈಗೆ ಬಂದಿರುತ್ತದೆ.

ಇಂತಿ,
ತನ್ನ ಮಾತು ಸುಳ್ಳಾಗಿ, ಸುಳ್ಳುಗಾತಿ ಎನಿಸಿಕೊಂಡರೂ ಸಾಕೆಂದು ಕಾಯುತ್ತಿರುವ
ಟಪಾಲು ಗುಮಾಸ್ತೆ