ಏಳನೆಯ ಆಲ್ಬಮ್‌ನ ಗೊರಗೊರ

ಶುಕ್ರವಾರ, ನವೆಂಬರ್ ೧೪

ಬೆಳಿಗ್ಗೆ ಫೋನ್ ಮಾಡಿದ ಆ ಹೆಂಗಸಿನ ದನಿ ಇನ್ನೂ ಕಿವಿ ಬಿಟ್ಟು ಹೋಗುತ್ತಿಲ್ಲ.

ಈ ವಾರದ ನನ್ನ ಅಂಕಣ, ‘ಕೇಳಲೇಬೇಕಾದ ಹತ್ತು ಹೊಸ ಆಲ್ಬಮ್‌ಗಳು’. ಏಳನೆಯದು ಯಾವನೋ ಹೊಸಬನದು. ತನ್ನ ಕೋಣೆಯಲ್ಲೇ ಹಾಡಿ, ತಾನೇ ಬಿಡುಗಡೆ ಮಾಡಿದ್ದು. ಬರೆದೆ: ‘ದನಿ ಅಪರೂಪದ್ದು. ಆದರೆ ಹಿನ್ನೆಲೆಯಲ್ಲಿ ಒಂದೇ ಸಮನೆ ಗೊರಗೊರ. ಕೊನೆಯ ಹಾಡೊಂದೇ ಶುದ್ಧವಾಗಿದೆ. ಮುಂದಿನ ಆಲ್ಬಮ್‌ನಲ್ಲಾದರೂ ಫ್ಯಾನ್ ಆರಿಸಿ ಹಾಡಲಿ.’ ಆ ಫ್ಯಾನಿನ ಮಾತಿಗೆ ನಾನೇ ನಕ್ಕಿದ್ದೆ.

ಫೋನ್ ಮಾಡಿದ್ದು ಅವನ ಅಕ್ಕ.

“ಅದು ಫ್ಯಾನ್ ಅಲ್ಲ ಸರ್, ಆಕ್ಸಿಜನ್ ಮಶೀನು. ಕೊನೇ ಹಾಡಿಗೆ ಮಾತ್ರ ಹಟ ಮಾಡಿ ಆಫ್ ಮಾಡಿಸ್ದ. ಅವನು ತೀರ್ಕೊಂಡು ಇಪ್ಪತ್ತು ದಿನ ಆಯ್ತು. ಬೈಯೋಕೆ ಫೋನ್ ಮಾಡಿಲ್ಲ. ‘ಮುಂದಿನ ಆಲ್ಬಮ್’ ಅಂತ ಇದೆಯಲ್ಲ, ಆ ಸಾಲು ತೆಗೀತೀರಾ? ಅಮ್ಮ ಅದನ್ನೇ ಓದ್ಕೊಂಡು ಕೂತಿದಾರೆ.”

ಹೂಂ ಅಂದೆ. ವೆಬ್‌ಸೈಟಿನಿಂದ ಆ ಸಾಲು ತೆಗೆಸಿದೆ. ಓದಿಬಿಟ್ಟ ತಾಯಿಯ ತಲೆಯಿಂದ ತೆಗೆಸುವುದು ಹೇಗೆ?

ವಾರಕ್ಕೆ ನಲವತ್ತು ಆಲ್ಬಮ್ ಬರುತ್ತವೆ. ಒಂದೊಂದು ಹಾಡಿಗೆ ಒಂದೇ ನಿಮಿಷ, ಆಮೇಲೆ ಮುಂದಿನದು. ಹನ್ನೊಂದು ವರ್ಷದಿಂದ ಹೀಗೇ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಸಾಕು ಎಂಬ ಜಂಬ ಬೇರೆ.

ಈಗ ಆ ಕೊನೆಯ ಹಾಡನ್ನು ಪೂರ್ತಿ ಕೇಳಿದೆ. ಮೂರನೇ ನಿಮಿಷದಲ್ಲಿ ದನಿ ಸಾಲಿನ ನಡುವೆಯೇ ನಿಲ್ಲುತ್ತದೆ. ಯಾರೋ ಓಡಿ ಬರುವ ಹೆಜ್ಜೆ. ಟಕ್ಕೆಂದು ಸ್ವಿಚ್ಚು. ಮತ್ತೆ ಅದೇ ಗೊರಗೊರ. “ಸಾಕು ಕಣೋ” ಎನ್ನುವುದು ಬೆಳಗಿನ ಅದೇ ದನಿ.

ಏದುಸಿರಿನಲ್ಲಿ ಅವನು ಕೇಳುತ್ತಾನೆ: “ಕ್ಲೀನಾಗಿ ಬಂತಾ ಅಕ್ಕಾ?”