ಗುಳಿಗಿಗಿಂತ ದೆವ್ವ ಛಲೋ

ಸೋಲಾಪುರ
೯ ಅಕ್ಟೋಬರ್ ೧೯೯೬

ಪ್ರಿಯ ಮನೀಷಾ,

ಸೋಲಾಪುರದಿಂದ ನಿನ್ನ ಶ್ರೀಲೇಖಾ ಮಾಡುವ ಅರ್ಧ ನಮಸ್ಕಾರ. ಪೂರ್ತಿ ಬಗ್ಗಿದರೆ ಏದುಸಿರು ಬರುತ್ತದೆ, ಆದ್ದರಿಂದ ಉಳಿದರ್ಧ ಮುಂದಿನ ಭೇಟಿಗೆ ಇರಲಿ.

ನಿನ್ನ ಪತ್ರ ಮುಟ್ಟಿತು. ಇಡೀ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಎದೆ ಬಡಿದುಕೊಳ್ಳುತ್ತದೆ ಅಂತ ಬರೆದಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆಯಾ, ಗುಳಿಗೆಯ ವಿಷಯ ಹೇಳಿದೆಯಾ? ಹೇಳುವವರೆಗೆ ನಿನ್ನ ಯಜಮಾನ ಯೋಗಿರಾಜರು ಅಕ್ಕಲಕೋಟದ ತಮ್ಮ ಔಷಧಿ ಅಂಗಡಿಯಿಂದ ಒಂದು ಗುಳಿಗೆಯನ್ನೂ ಕಳಿಸುವುದಿಲ್ಲ ಅಂತ ಶಪಥ ಮಾಡಿದ್ದಾರಂತೆ. ಅವರ ಶಪಥಕ್ಕೆ ನನ್ನ ಗೌರವ ತಿಳಿಸು. ಉತ್ತರ ಕೊಡುತ್ತೇನೆ, ಆದರೆ ನೆಟ್ಟಗೆ ಕೊಡುವ ಧೈರ್ಯವಿಲ್ಲ. ಸುತ್ತಿ ಬಳಸಿ ಬರುತ್ತೇನೆ, ಬೈಯದೆ ಓದು.

ಮೂರು ವರ್ಷದ ಹಿಂದೆ ನಾನು ಈ ಮನೆಗೆ ಎರಡನೇ ಹೆಂಡತಿಯಾಗಿ ಬಂದ ದಿನ ನಿನಗೆ ನೆನಪಿದೆ. ಸ್ಟೇಶನ್ನಿನ ಮುಂದೆ ಟಾಂಗಾದ ಕುದುರೆ ಒಮ್ಮೆ ನನ್ನನ್ನು ನೋಡಿತು, ಆಮೇಲೆ ಬಹಳ ಹೊತ್ತು ತನ್ನ ಮಾಲಕನನ್ನು ನೋಡಿತು. ಇಲ್ಲಿ ಗೋಡೆಯ ಮೇಲೆ ಮೊದಲನೆಯವಳು ಶರ್ವರಿ, ಗಂಧದ ಹಾರ ಹಾಕಿಸಿಕೊಂಡು ಕೂತಿದ್ದಳು. ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗೆ. ಎದೆ ನಿಂತು ಹೋದಳು ಅಂತ ಹೇಳಿದರು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತೆ ಗೋದೂಬಾಯಿ ನನ್ನನ್ನು ಒಂದು ದಿನವೂ ದಪ್ಪ ಅಂದವರಲ್ಲ. ನಾನು ಎರಡನೇ ರೊಟ್ಟಿಗೆ ಕೈ ಹಾಕಿದಾಗ ಆ ಫೋಟೋದ ಕಡೆ ನೋಡುತ್ತಿದ್ದರು, ಅಷ್ಟೇ. ಎಂಐಡಿಸಿ ಕೈಗಾರಿಕಾ ಪ್ರದೇಶದ ಟಾವೆಲ್ ಕಾರಖಾನೆಯಲ್ಲಿ ಲೆಕ್ಕ ಬರೆದು ದಣಿದು ಬಂದ ನಮ್ಮವರೂ ಅತ್ತಲೇ ನೋಡುತ್ತಿದ್ದರು. ಒಂದು ಜೋಳದ ರೊಟ್ಟಿಗೆ ಎಷ್ಟು ಪ್ರೇಕ್ಷಕರು!

ಹಾಗಾಗಿ ಈ ತೆಳ್ಳಗಾಗುವ ಗುಳಿಗೆ. ಅದನ್ನು ಶೇಂಗಾ ಚಟ್ನಿಯ ಡಬ್ಬಿಯಲ್ಲಿ ಹುಗಿದು ಕಳಿಸುವ ಮಹಾ ಉಪಾಯ ನಿನ್ನದು. ಶೇಂಗಾ ಚಟ್ನಿಗೇ ಹೆಸರಾದ ಸೋಲಾಪುರಕ್ಕೆ ಹೊರಗಿನಿಂದ ಶೇಂಗಾ ಚಟ್ನಿ! ಅನುಮಾನ ಬಾರದೆ ಇರಲು ನಮ್ಮ ಅತ್ತೆಯೇನು ಪುಣೆಯವರೇ?

ಗುಳಿಗೆ ತೆಗೆದುಕೊಳ್ಳುವುದಕ್ಕಿಂತ ಮುಚ್ಚಿಡುವುದೇ ದೊಡ್ಡ ಕೆಲಸವಾಯಿತು. ಗುರುವಾರ, ಏಕಾದಶಿ, ಸಂಕಷ್ಟಿ ಅಂತ ಉಪವಾಸ ಮಾಡಿ ಸೊರಗಿದವಳಿಗೆ ಓಣಿಯವರು ಅರಿಶಿನ ಕುಂಕುಮ ಕೊಡುತ್ತಾರೆ. ಅದೇ ಸೊರಗು ಗುಳಿಗೆಯಿಂದ ಬಂದರೆ ನಖರಾ, ಮೋಜು, ಗಂಡನ ರೊಕ್ಕಕ್ಕೆ ಬೆಂಕಿ. ಡಾಕ್ಟರಿಗೆ ಹೇಳಬೇಕಾದರೆ ನಮ್ಮ ಡಾಕ್ಟರು ಕೂರುವುದು ನವಿ ಪೇಠದ ನಡುಮಧ್ಯೆ, ಅರವಿ ಅಂಗಡಿಗಳ ಮೇಲೆ. ಅವರ ಕಂಪೌಂಡರ್ ಮರೆಪ್ಪ ರೋಗಿಯ ಹೆಸರಿನ ಜೊತೆ ರೋಗವನ್ನೂ ಕೂಗಿ ಕರೆಯುವ ಸತ್ಯಸಂಧ. ಜಂತಿನ ಹುಳದ ಜೋಶಿಯವರು, ಮೂಲವ್ಯಾಧಿ ಮಾಸ್ತರರು, ಎಲ್ಲರೂ ರೋಗಿಗಳು ಕಾಯುವ ಆ ಕಟ್ಟೆಯ ಮೇಲೆಯೇ ಪ್ರಸಿದ್ಧಿಗೆ ಬಂದವರು. ನನ್ನನ್ನು ಏನಂತ ಕರೆದಾನು, ನೀನೇ ಊಹಿಸು.

ಶ್ರಾವಣದ ಹೊತ್ತಿಗೆ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಪಕ್ಕದ ಮನೆಯ ಕಸ್ತೂರಬಾಯಿ ಒಂದು ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ಏನವಾ ಹಿಂಗ್ಯಾಕ ಇಳದೀ, ಏನರ ಔಷಧ ತಗೋತೀಯೇನು ಅಂತ ಕೇಳಿಯೇಬಿಟ್ಟರು. ನಾನು ಸುಳ್ಳು ಹುಡುಕುತ್ತ ನಿಂತೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಟಪಾಲು ಬಂತು ಅನ್ನುವಷ್ಟು ಸಹಜವಾಗಿ ಹೇಳಿದರು.

“ಶರ್ವರಿ ಬಂದಾಳ್ರಿ, ಇಕಿ ಮೈಯಾಗ.”

ಕಸ್ತೂರಬಾಯಿ ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು. ಅತ್ತೆ ಒಂದು ಹರಳು ಹೆಕ್ಕಿ ಹೊರಗೆ ಒಗೆದರು.

“ಗುಳಿಗಿ ಅಂದ್ರ ನಗತಾರ. ದೆವ್ವ ಅಂದ್ರ ಕೈ ಮುಗೀತಾರ. ನಿನಗ ಯಾವುದು ಬೇಕು, ನೋಡ.”

ಅಂದರೆ ಡಬ್ಬಿಯ ತಳವನ್ನು ಅವರು ಎಂದೋ ಮುಟ್ಟಿ ನೋಡಿದ್ದರು. ನಾನು ದೆವ್ವವನ್ನೇ ಆರಿಸಿಕೊಂಡೆ. ನೀನಾಗಿದ್ದರೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ, ಸುಮ್ಮನಿರು.

ಆ ಪದವಿಯ ಸುಖ ನಿನಗೆ ಗೊತ್ತಿಲ್ಲ. ನಳದ ಮುಂದೆ ನನ್ನ ಕೊಡ ಪಾಳಿ ಕಾಯುವುದಿಲ್ಲ. ಭಾಜಿಯವಳು ಚೌಕಾಸಿ ಮಾಡದೆ ಕೊಟ್ಟು, ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುತ್ತಾಳೆ. ನಮ್ಮವರು ಮೂರು ವರ್ಷದಲ್ಲಿ ಮೊದಲ ಸಲ ಮಲ್ಲಿಗೆ ದಂಡೆ ತಂದು ಕನ್ನಡಿಯ ಮುಂದಿಟ್ಟು ಹೊರಗೆ ಹೋದರು. ನಾನು ಅದನ್ನು ಮುಡಿಯುವುದೋ ಫೋಟೋಕ್ಕೆ ಹಾಕುವುದೋ ತಿಳಿಯದೆ ನಿಂತೆ. ಕೊನೆಗೆ ಮುಡಿದೆ. ಸಂಜೆ ಅವರು ನನ್ನ ಮುಖ ನೋಡಲಿಲ್ಲ, ಮುಡಿ ನೋಡಿದರು.

ಸುಖ ಅಲ್ಲಿಗೆ ಮುಗಿಯಿತು, ಮನೀಷಾ. ಯಾಕೆಂದರೆ ಅತ್ತೆ ಮಂದಿಯ ಮುಂದೆ ಆಡಿದ ಆಟವನ್ನು ಮಂದಿ ಇಲ್ಲದಾಗಲೂ ನಿಲ್ಲಿಸಲಿಲ್ಲ. ನಾನು ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತುತ್ತಿದ್ದೆ, ನಡುವೆ ಉಸಿರು ಸಿಗದೆ ಗೋಡೆ ಹಿಡಿದೆ. ಕೆಳಗೆ ಒಳಕೋಣೆಯಲ್ಲಿದ್ದ ಅತ್ತೆಗೆ ನಾನು ಕಾಣುವಂತಿರಲಿಲ್ಲ. ಅಲ್ಲಿಂದಲೇ ಮೆತ್ತಗೆ ಹೇಳಿದರು, ಅಲ್ಲೇ ಕೂಡತಿದ್ದೆಲ್ಲಾ ನೀ ಯಾವಾಗಲೂ, ಕೂಡು. ನಾನು ಆ ಮೆಟ್ಟಿಲ ಮೇಲೆ ಅದಕ್ಕೂ ಮೊದಲು ಎಂದೂ ಕೂತಿರಲಿಲ್ಲ.

ಆಮೇಲೆ ಊಟಕ್ಕೆ ಕರೆಯುವಾಗ ನನ್ನ ಹೆಸರು ಬರುವುದು ನಿಂತಿತು. ಶರ್ವರಿ ಅನ್ನುತ್ತಿದ್ದರು, ನಾನು ಓ ಅನ್ನುತ್ತಿದ್ದೆ. ಮೊದಮೊದಲು ತಮಾಷೆಗೆ. ಒಂದು ದಿನ ಅವರು ಬಾಯಿತಪ್ಪಿ ಲೇಖಾ ಅಂದರು. ಯಾರನ್ನು ಕರೆಯುತ್ತಿದ್ದಾರೆ ಅಂತ ನಾನೂ ಬಾಗಿಲ ಕಡೆ ನೋಡಿದೆ.

ಈಗ ಕಳೆದ ನವಮಿಗೆ ಬರುತ್ತೇನೆ. ಪಿತೃಪಕ್ಷದ ಅವಿಧವಾ ನವಮಿ, ಗಂಡನಿಗಿಂತ ಮೊದಲು ಹೋದ ಮುತ್ತೈದೆಯರ ದಿನ. ಹಾಗೆ ಹೋದವಳ ಹೆಸರಿನಲ್ಲಿ ಹೊರಗಿನ ಒಬ್ಬ ಮುತ್ತೈದೆಯನ್ನು ಸವಾಷ್ಣಿಯಾಗಿ ಕರೆದು, ಉಣಿಸಿ, ಉಡಿ ತುಂಬಿ ಕಳಿಸಬೇಕು. ಪ್ರತಿ ವರ್ಷ ಕಸ್ತೂರಬಾಯಿಯವರೇ ಉಂಡು, ಸೀರೆ ತೆಗೆದುಕೊಂಡು, ಆ ಸೀರೆಯ ಬಣ್ಣದ ಬಗ್ಗೆ ಆರು ತಿಂಗಳು ದೂರುತ್ತಿದ್ದರು. ಈ ಸಲ ಅತ್ತೆ ಅವರನ್ನು ನೋಡಲಿಕ್ಕೆ ಮಾತ್ರ ಕರೆದರು. ಮನ್ಯಾಗ ಇದ್ದಾಕಿನ್ನ ಬಿಟ್ಟು ಹೊರಗಿನಾಕಿನ್ನ ಯಾಕ ಉಣಿಸಲಿ, ಅಂದರು.

ಓಣಿಯ ಹೆಂಗಸರು ಗೋಡೆಗುಂಟ ಕೂತರು. ಅತ್ತೆ ಟ್ರಂಕಿನಿಂದ ಶರ್ವರಿಯ ಕುಪ್ಪಸ ತೆಗೆದುಕೊಟ್ಟರು. ಅದು ನನ್ನ ತೋಳಿನ ಮೇಲೆ ನನಗಾಗಿಯೇ ಹೊಲಿದ ಹಾಗೆ ಕೂತಿತು. ಮೂರು ವರ್ಷ ಇದೊಂದು ಕ್ಷಣಕ್ಕಾಗಿ ಬಯಸಿದವಳು ನಾನು. ಬಂದಾಗ ಅದನ್ನು ಹರಿದು ಬಿಸಾಡಬೇಕು ಅನ್ನಿಸಿತು.

ಎಲೆಯ ಮೇಲೆ ಹೋಳಿಗೆ, ಕಟ್ಟಿನ ಸಾರು, ವಡೆ, ಖೀರು. ಗುಳಿಗೆ ನುಂಗಿದ ಹೊಟ್ಟೆಗೆ ಅದೆಲ್ಲ ಚಿತ್ರದಲ್ಲಿಯ ಊಟ. ಬಾಯಿ ಒಣಗಿ ತುತ್ತು ತಿರುಗಲಿಲ್ಲ. ಅತ್ತೆ ಎದುರಿಗೆ ಕೂತು, ಮಗುವಿಗೆ ಹೇಳುವ ಹಾಗೆ, ಉಣ್ಣು ಶರ್ವರಿ, ಉಣ್ಣು, ಈ ಸಲ ನಾ ಬ್ಯಾಡ ಅನ್ನೂದಿಲ್ಲ ಅನ್ನುತ್ತಿದ್ದರು. ಎದೆಯಲ್ಲಿ ಮಗ್ಗ ನಡೆದ ಹಾಗೆ ಸದ್ದು. ನಾನು ಇಲ್ಲೇ, ಈ ಎಲೆಯ ಮುಂದೆ, ಈ ಹೆಸರಿನಲ್ಲೇ ಸಾಯುತ್ತೇನೆ ಅನ್ನಿಸಿತು. ಆಮೇಲೆ ಅಳುವವರು ಕೂಡ ಅವಳನ್ನೇ ಅಳುತ್ತಾರೆ.

ನಾನು ಹೇಳಿಬಿಟ್ಟೆ. ಮಂದಿ ನಗಲಿ ಅಂತ ಜೋರಾಗಿಯೇ ಹೇಳಿದೆ.

“ನಾ ತೆಳ್ಳಗಾಗೂ ಗುಳಿಗಿ ತಗೋತೀನಿ. ನನ್ನ ಎದಿ ಬಡಕೊಳ್ಳಾಕತ್ತೈತಿ.”

ಯಾರೂ ನಗಲಿಲ್ಲ. ಕಸ್ತೂರಬಾಯಿ ಸೆರಗು ಬಾಯಿಗಿಟ್ಟುಕೊಂಡರು. ಅತ್ತೆಯ ಕೈಯಿಂದ ತುಪ್ಪದ ಮಿಳ್ಳೆ ಉರುಳಿ ಎಲೆಯ ತುಂಬ ಹರಿಯಿತು. ಅವರು ನನ್ನ ಕಾಲು ಹಿಡಿದರು, ಮನೀಷಾ. ಅತ್ತೆ, ನನ್ನ ಕಾಲು.

“ಶರ್ವರಿ, ಡಾಕ್ಟರ್ ಕೇಳಿದಾಗ ನೀ ಏನೂ ತಗೊಂಡಿಲ್ಲ ಅಂದಾಕಿ ನಾನ. ಪುಣೆದಿಂದ ಗುಳಿಗಿ ತರಿಸಿದಾಕೀನೂ ನಾನ. ನೀ ಹೇಳಾಕ ಬಾಯಿ ತಗದಿ, ಮಂದಿ ನಗತಾರ ಅಂತ ಮ್ಯಾಲ ಕೈ ಇಟ್ಟೆ. ಎಷ್ಟು ಸಣ್ಣ ಬಾಯಿ ಇತ್ತವಾ ನಿಂದು.”

ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಅವರು ಒಳಗೆ ಬಂದು ಮೊದಲು ತಾಯಿಯನ್ನು ಎಬ್ಬಿಸಲಿಲ್ಲ, ನನ್ನನ್ನು ಎಬ್ಬಿಸಿದರು. ಲೇಖಾ ಅಂತ ಕರೆದರು. ಆ ಕುಪ್ಪಸ ತಗದುಬಿಡು ಅಂದರು.

ಮರುದಿನ ಅತ್ತೆಯೇ ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ತುಂಬಿದ ಕಟ್ಟೆಯ ಮುಂದೆ ನಿಂತು, ನನ್ನ ಎರಡನೇ ಸೊಸಿ ತೆಳ್ಳಗಾಗೂ ಗುಳಿಗಿ ತಗೊಂಡಾಳ, ಬರಕೋ ಅಂತ ಮರೆಪ್ಪನಿಗೆ ಹೇಳಿದರು. ಮರೆಪ್ಪ ತನ್ನ ಜನ್ಮದಲ್ಲೇ ಮೊದಲ ಸಲ ಪಿಸುಗುಟ್ಟಿದ, ಅವ್ವಾರ, ಮೆಲ್ಲಗ ಹೇಳ್ರಿ. ಅತ್ತೆ ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಹೇಳಿದರು. ಮೂಲೆಯಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು, ಆ ನಗು ಎಷ್ಟು ಚಂದ ಕೇಳಿಸಿತು ಅಂತ ಹೇಳಲಾರೆ.

ಇದೇ ನಿನ್ನ ಪ್ರಶ್ನೆಗೆ ಉತ್ತರ. ಡಾಕ್ಟರು ಗುಳಿಗೆ ನಿಲ್ಲಿಸಿದ್ದಾರೆ. ಎದೆಯಲ್ಲಿ ಇರಬಾರದ ಒಂದು ಸಪ್ಪಳ ಇದೆಯಂತೆ, ಆದರೆ ಹೊತ್ತಿಗೆ ಸರಿಯಾಗಿ ಬಂದಿದ್ದೇನಂತೆ. ನಿನ್ನೆ ನಾನು ಒಂದು ರೊಟ್ಟಿ ಉಂಡೆ, ಎರಡನೆಯದಕ್ಕೂ ಕೈ ಹಾಕಿದೆ. ಅತ್ತೆ ಫೋಟೋದ ಕಡೆ ನೋಡಲಿಲ್ಲ, ಪಲ್ಯ ಬಡಿಸಿದರು. ಬರುವ ತಿಂಗಳು ಅಕ್ಕಲಕೋಟಕ್ಕೆ ಬಂದಾಗ ನಿನ್ನ ಮನೆಯ ಬಾಗಿಲು ಸ್ವಲ್ಪ ಅಗಲ ಮಾಡಿಸಿರು.

ಇಂತು ನಿನ್ನ,
ಮತ್ತೆ ದಪ್ಪಗಾಗಲಿರುವ,
ಶ್ರೀಲೇಖಾ

ತಾ.ಕ.: ಬರೆಯಬಾರದು ಅಂದುಕೊಂಡಿದ್ದೆ. ಅತ್ತೆ ನಾನು ಗುಳಿಗೆ ತೆಗೆದುಕೊಳ್ಳುವುದನ್ನು ಮೊದಲೇ ತಿಳಿದವರು, ನನ್ನ ಆ ಎರಡು ಮಾತಿಗೆ ಯಾಕೆ ಅಷ್ಟು ಕುಸಿದರು ಅಂತ ಇಂದು ಬೆಳಿಗ್ಗೆ ನಳದ ಬಳಿ ಕಸ್ತೂರಬಾಯಿಯವರನ್ನು ಕೇಳಿದೆ. ಅವರು ತುಂಬಿದ ಕೊಡ ಕೆಳಗಿಟ್ಟರು. ನಾನು ಆಡಿದ್ದು ಎರಡು ಮಾತಲ್ಲವಂತೆ. ಆಮೇಲೆ, ಅತ್ತೆ ಬಾಯಿ ಬಿಡುವ ಮೊದಲೇ, ಬೇರೆಯದೇ ದನಿಯಲ್ಲಿ, ಬಾಯಿ ಮ್ಯಾಲಿನ ಕೈ ತಗೀರಿ ಅತ್ಯಾ, ಡಾಕ್ಟರಗ ಹೇಳತೀನಿ ಅಂದೆನಂತೆ. ಗೋಡೆಗುಂಟ ಕೂತವರೆಲ್ಲ ಕೇಳಿದ್ದಾರೆ. ನಾನೊಬ್ಬಳೇ ಕೇಳಿಲ್ಲ.